ಮೂವತ್ಮೂರು ಇಂಚಿನ ಹೆಜ್ಜೆ

ಹೋದ ಶನಿವಾರ ಬೆಳಗ್ಗೆ ನಮ್ಮ ಶಾಲೆಯ ಆಫೀಸಿಗೆ ಒಂದು ಫೋನ್ ಬಂತು. ಶನಿವಾರವೆಂದರೆ ಮುಂಜಾನೆಯ ಶಾಲೆ. ನಾನು ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಸಿಪಾಯಿ ಬಾಗಿಲಿಗೆ ಬಂದು, "ಅಕ್ಕೋರ, ನಿಮಗ ಫೋನ್ ಐತ್ರಿ. ಜಲ್ದಿ ಅಂತ" ಎಂದ. ಸೀಮೆಸುಣ್ಣ ಕೈಯಲ್ಲೇ ಹಿಡಿದು ಓಡಿದೆ.

ಅತ್ತಲಿನ ದನಿ ಗೊತ್ತಿದ್ದುದಲ್ಲ. ಹಿಂದೆ ಲಾರಿಯ ಸದ್ದು. ಯಾರೋ ಚಹಾದಂಗಡಿಯ ಕಾಯಿನ್ ಬಾಕ್ಸಿನಿಂದ ಮಾತಾಡುತ್ತಿದ್ದರು.

"ಮೋಜಣಿ ಸಾಹೇಬ್ರ ಮಗಳ ಅಲ್ಲೇನ್ರಿ ನೀವು? ನಿಮ್ಮ ತಂದಿಯವರು ಸಾಲೋಟಗಿ ರೋಡಿನ ಬಾಜೂಕ ಕುಂತಬಿಟ್ಟಾರ. ಏನೇನೋ ಮಾತಾಡಾಕತ್ತಾರ. ಕುಡದಾರ ಅಂತ ಮಂದಿ ಅನ್ನಾಕತ್ತೈತಿ. ಲಗೂನ ಬರ್ರಿ."

ಅಷ್ಟಕ್ಕೇ ಫೋನ್ ಕಟ್ಟಾಯಿತು. ಹಾಕಿದ ನಾಣ್ಯದ ಹೊತ್ತು ಮುಗಿದಿರಬೇಕು.

ನಮ್ಮಪ್ಪ ಕುಡಿಯುವುದೇ? ಎಪ್ಪತ್ತು ವರ್ಷದಲ್ಲಿ ಮದುವೆಯ ಊಟದ ನಂತರ ಕೊಡುವ ಅಡಿಕೆ ಹೋಳನ್ನೂ ಬಾಯಿಗೆ ಹಾಕದ ಮನುಷ್ಯ. ಅದೂ ಬೆಳಗ್ಗೆ ಒಂಬತ್ತು ಗಂಟೆಗೆ? ಹೆಡ್‌ಮಾಸ್ತರರಿಗೆ ಏನು ಹೇಳಿದೆನೋ ನೆನಪಿಲ್ಲ. ಆಟೋ ಹಿಡಿದಾಗ ಸೀಮೆಸುಣ್ಣ ಇನ್ನೂ ಬೆರಳ ನಡುವೆಯೇ ಇತ್ತು.

ಆಟೋ ಅಲ್ಲಿಗೆ ಮುಟ್ಟುವ ಮೊದಲು ನಿಮಗೆ ಹಿಂದಿನ ಕಥೆ ಹೇಳಬೇಕು. ಇಲ್ಲದಿದ್ದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. (ನನಗೂ ಶನಿವಾರ ಮಧ್ಯಾಹ್ನದವರೆಗೆ ತಿಳಿದಿರಲಿಲ್ಲ.)

ಅಪ್ಪ ಮೂವತ್ತೈದು ವರ್ಷ ಸರ್ವೇ ಇಲಾಖೆಯಲ್ಲಿದ್ದವನು. ಹೊಲ ಅಳೆಯುವ ಕೆಲಸ. ನಮ್ಮ ಕಡೆ ಅದಕ್ಕೆ ಮೋಜಣಿ ಎನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಎರೆಹೊಲಗಳಲ್ಲಿ ಅವನ ಕಾಲು ಬೀಳದ ಬದು ಕಡಿಮೆ. ಅಳೆಯುವ ಸರಪಳಿಯ ಉದ್ದ ಮೂವತ್ಮೂರು ಅಡಿ. ಅಷ್ಟು ದೂರವನ್ನು ಅಪ್ಪ ಸರಿಯಾಗಿ ಹನ್ನೆರಡು ಹೆಜ್ಜೆಯಲ್ಲಿ ಮುಗಿಸುತ್ತಿದ್ದ. ಅಂದರೆ ಒಂದು ಹೆಜ್ಜೆಗೆ ಮೂವತ್ಮೂರು ಇಂಚು. ನೌಕರಿಗೆ ಸೇರಿದ ಹೊಸದರಲ್ಲಿ ಮೇಲಿನವರು ಸರಪಳಿಯ ಪಕ್ಕದಲ್ಲಿ ನಡೆಸಿ ನಡೆಸಿ ಆ ಹೆಜ್ಜೆ ಕಲಿಸಿದ್ದರಂತೆ. ಆಮೇಲೆ ಅಪ್ಪ ಬಸ್ ಸ್ಟ್ಯಾಂಡಿಗೆ ಹೋದರೂ ಅದೇ ಹೆಜ್ಜೆ, ಕಾಯಿಪಲ್ಲೆ ಸಂತೆಗೆ ಹೋದರೂ ಅದೇ ಹೆಜ್ಜೆ. ಅವ್ವ ಇಪ್ಪತ್ತು ಮಾರು ಹಿಂದೆ, ಸೆರಗು ಬಿಗಿಮಾಡುತ್ತ, ಓಡುತ್ತ.

ಹೂವಿನ ಹಿಪ್ಪರಗಿಯಲ್ಲಿ ಒಮ್ಮೆ ಅಣ್ಣತಮ್ಮಂದಿರಿಬ್ಬರು ಗಡಿಯ ಸಲುವಾಗಿ ಬಡಿಗೆ ಹಿಡಿದು ನಿಂತಿದ್ದರಂತೆ. ಸರಪಳಿ ಬರುವ ಮೊದಲೇ ಅಪ್ಪ ಬದು ಹಿಡಿದು ಎಣಿಸುತ್ತ ನಡೆದು, ಒಂದು ಕಡೆ ನಿಂತು, "ಬಾಂದಗಲ್ಲ ಇಲ್ಲಿ ಐತಿ, ಅಗೀರಿ" ಎಂದನಂತೆ. ಬಾಂದಗಲ್ಲು ಎಂದರೆ ಹೊಲದ ಗಡಿಗೆ ಹೂಳುವ ಕಲ್ಲು. ಅಗೆದರೆ ಅಲ್ಲೇ ಸಿಕ್ಕಿತು. (ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಪ್ರತಿಸಲ ಬಡಿಗೆ ಹಿಡಿದವರು ಹೆಚ್ಚಾಗುತ್ತಾರೆ. ಕಲ್ಲು ಮಾತ್ರ ಜಾಗ ಬಿಡುವುದಿಲ್ಲ.)

ಇಂಥವನಿಗೆ ಎರಡು ವರ್ಷದ ಕೆಳಗೆ ಶುಗರ್ ಬಂತು. ಬಿಜಾಪುರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮೊದಮೊದಲು ಪಥ್ಯ, ಗುಳಿಗೆ ಇಷ್ಟರಲ್ಲೇ ನಡೆಯಿತು. ಹೋದ ವರ್ಷ ಶುಗರ್ ಮತ್ತೆ ಏರಿದಾಗ, "ದಿನಾ ಐದು ಕಿಲೋಮೀಟರ್ ನಡೀಬೇಕ್ರಿ ಸಾಹೇಬ್ರ" ಎಂದರು. ಅಪ್ಪ ನಕ್ಕುಬಿಟ್ಟ. ನಡೆಯುವುದನ್ನೂ ಔಷಧಿಯೆಂದು ಚೀಟಿಯಲ್ಲಿ ಬರೆಯುತ್ತಾರೆಯೇ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ.

ಐದಾಯಿತೋ ಇಲ್ಲವೋ ತಿಳಿಯುವುದು ಹೇಗೆ? ನಾನು ಜವಳಿ ತರಲು ಸೊಲ್ಲಾಪುರಕ್ಕೆ ಹೋದಾಗ ಒಂದು ಪೆಡೋಮೀಟರ್ ತಂದೆ. ಬೆಂಕಿಪೊಟ್ಟಣದಷ್ಟು ಸಾಮಾನು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹೆಜ್ಜೆ ಎಣಿಸುತ್ತದೆ, ಎಣಿಸಿದ್ದನ್ನು ಗುಣಿಸಿ ಕಿಲೋಮೀಟರ್ ತೋರಿಸುತ್ತದೆ. ಆದರೆ ನಿಮ್ಮ ಒಂದು ಹೆಜ್ಜೆ ಎಷ್ಟು ಉದ್ದ ಎಂಬುದನ್ನು ನೀವೇ ಮೊದಲು ಅದಕ್ಕೆ ಹೇಳಬೇಕು. ಅದಕ್ಕೇನು ಕಣ್ಣಿದೆಯೇ, ಪಾಪ.

"ಅಪ್ಪಾ, ನಿನ್ನ ಹೆಜ್ಜಿ ಅಳತಿ ತಗೋಬೇಕು. ಪಡಸಾಲ್ಯಾಗ ಒಂದೀಟು ನಡದು ತೋರ್ಸು" ಎಂದು ಟೇಪು ಹಿಡಿದು ಕೂತೆ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನನ್ನ ಹೆಜ್ಜಿಗೆ ಟೇಪ್ ಹಿಡೀತಿ? ಮೂವತ್ಮೂರು ಇಂಚು. ಬರಕೋ."

ಬರೆದುಕೊಂಡೆ. ಸೆಂಟಿಮೀಟರಿಗೆ ತಿರುಗಿಸಿ ಎಂಬತ್ನಾಲ್ಕು ಎಂದು ಗುಂಡಿ ಒತ್ತಿದೆ. ಗಣಿತದ ಟೀಚರು ನಾನು. ತರಗತಿಯಲ್ಲಿ ಹುಡುಗರಿಗೆ, ಕೊಟ್ಟ ಅಂಕಿಯನ್ನು ಒಮ್ಮೆ ಪರೀಕ್ಷೆ ಮಾಡಿಕೊಳ್ಳಿರೋ ಎಂದು ವರ್ಷವಿಡೀ ಬಡಿದುಕೊಳ್ಳುತ್ತೇನೆ. ಮನೆಯಲ್ಲಿ ಅಪ್ಪ ಕೊಟ್ಟ ಅಂಕಿಯನ್ನು ಪರೀಕ್ಷೆ ಮಾಡುವವರು ಯಾರಿದ್ದಾರೆ, ಹೇಳಿ?

ಮರುದಿನದಿಂದ ಅಪ್ಪನ ದಿನಚರಿ ಗಟ್ಟಿಯಾಯಿತು. ಆರೂವರೆಗೆ ಗುಳಿಗೆ. ಆಮೇಲೆ ಸಾಲೋಟಗಿ ರಸ್ತೆಯಲ್ಲಿ ನಡಿಗೆ. ರಸ್ತೆಯ ಗುರುತು ನೋಡದೆ, ಯಂತ್ರ ಎರಡೂವರೆ ತೋರಿಸಿದಲ್ಲಿ ತಿರುಗುವುದು. ಏಳೂವರೆಗೆ ಮನೆ, ರೊಟ್ಟಿ, ಪಲ್ಲೆ. ಗೋಡೆಗೆ ಒರಗಿ ಕೂತು ಹಳೆಯ ಫೀಲ್ಡ್ ಬುಕ್ಕಿನಲ್ಲಿ ತಾರೀಖು ಹಾಕಿ, ಮುಂದೆ 'ಐದು ಕಿ.ಮೀ.' ಎಂದು ಬರೆದು, ಕೆಳಗೆ ಸಹಿ. ಹೌದು, ಸಹಿ. ಒಂದು ದಿನವೂ ತಪ್ಪಿಸಲಿಲ್ಲ.

ಮೂರು ತಿಂಗಳಿಗೆ ಬಿಜಾಪುರಕ್ಕೆ ಹೋದೆವು. ಶುಗರ್ ಇಳಿದಿರಲಿಲ್ಲ. ಡಾಕ್ಟರು ರಿಪೋರ್ಟು ನೋಡಿದರು, ಫೀಲ್ಡ್ ಬುಕ್ಕು ನೋಡಿದರು, ಮತ್ತೆ ರಿಪೋರ್ಟು ನೋಡಿದರು. "ಇಷ್ಟು ಶಿಸ್ತಿಲೇ ನಡದೂ ಇಳೀವಲ್ದಂದ್ರ ಗುಳಿಗಿ ಏರಿಸೂದ ದಾರಿ ನೋಡ್ರಿ" ಎಂದು ಅರ್ಧ ಗುಳಿಗೆಯನ್ನು ಒಂದು ಮಾಡಿದರು. ಇನ್ನೂ ಮೂರು ತಿಂಗಳಿಗೆ ಒಂದು ಇದ್ದದ್ದು ಎರಡಾಯಿತು. ಹೊರಡುವಾಗ ನನ್ನನ್ನು ಕರೆದು, "ಇದು ಸ್ವಲ್ಪ ಜೋರ್ ಗುಳಿಗಿರಿ. ಮೈ ತಣ್ಣಗಾಗಿ ಬೆವರು ಬಂದ್ರ, ಕೈ ನಡುಗಿದ್ರ, ಸಕ್ರಿ ಇಳದೈತಿ ಅಂತ ತಿಳೀರಿ" ಎಂದು ಹೇಳಿದ್ದರು. ನಾನು ಹೂಂ ಎಂದೆ. ಏರಿದ ಸಕ್ಕರೆಯ ಚಿಂತೆಯಲ್ಲಿದ್ದವರಿಗೆ ಇಳಿಯುವ ಸಕ್ಕರೆಯ ಮಾತು ಎಲ್ಲಿ ಕಿವಿಗೆ ಹೋಗುತ್ತದೆ?

ಮೊನ್ನೆ ಒಂದು ಭಾನುವಾರ ನಾನೂ ಅಪ್ಪನ ಜೊತೆ ವಾಕಿಂಗಿಗೆ ಹೋದೆ. ಇಂಡಿ ದಾಟಿದ ಮೇಲೆ ಎರಡೂ ಕಡೆ ಲಿಂಬೆಯ ತೋಟ. ಗಾಳಿಗೆ ಹೂವಿನ ವಾಸನೆ. ಮಾತಾಡುತ್ತ ಒಂದು ಕಿಲೋಮೀಟರ್ ಕಲ್ಲು ದಾಟಿದೆವು. ಸುಮ್ಮನೆ ಯಂತ್ರದ ಅಂಕಿ ನೋಡಿಟ್ಟುಕೊಂಡೆ. ಮುಂದಿನ ಕಲ್ಲು ಬಂದಾಗ ಮತ್ತೆ ನೋಡಿದೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಯಂತ್ರ ಹೇಳಿದ್ದು ಒಂದು ಪಾಯಿಂಟ್ ಏಳು ಕಿಲೋಮೀಟರ್.

"ಅಪ್ಪಾ, ಇದು ತಪ್ಪ ತೋರಸಾಕತ್ತೈತಿ."

"ಮಷಿನ್ ತಪ್ಪಲ್ಲ, ಕಲ್ಲ ತಪ್ಪ. ಗುತ್ತೇದಾರ ಹುಗಿದ ಕಲ್ಲದು. ಜೀಪಿನ್ಯಾಗ ಕುಂತು ಅಂದಾಜಿಲೇ ಹುಗೀತಾರ. ನಾ ಸರಪಳಿ ಹಿಡದಾಂವ."

ಅಪ್ಪನ ಮುಖ ನೋಡಿದೆ. ತಮಾಷೆಯಿಲ್ಲ. ಸರ್ಕಾರದ ಕಲ್ಲು ಸುಳ್ಳಾಗಬಹುದು, ತನ್ನ ಹೆಜ್ಜೆ ಸುಳ್ಳಾಗಲಾರದು ಎಂಬ ನಂಬಿಕೆ ಆ ಮುಖದ ಮೇಲೆ ಬರೆದಿತ್ತು. ನಾನು ಸುಮ್ಮನಾದೆ.

ಆದರೆ ತಲೆ ಸುಮ್ಮನಿರುತ್ತದೆಯೇ? ಮನೆಗೆ ಬಂದು ರಿಪೇರಿ ಶುರು ಮಾಡಿದೆ. ಹೊಸ ಸೆಲ್ ಹಾಕಿದೆ. ಅದೇ ಅಂಕಿ. ಧೋತರದ ಗಂಟು ಸಡಿಲಾಗಿ ಯಂತ್ರ ಕುಣಿಯುತ್ತಿದೆಯೇನೋ ಎಂದು ನನ್ನ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು ಹಿತ್ತಲಲ್ಲಿ ನೂರು ಹೆಜ್ಜೆ ಎಣಿಸಿ ನಡೆದೆ. ನೂರಕ್ಕೆ ನೂರು ತೋರಿಸಿತು. ಮರುದಿನ ಅಪ್ಪನ ಸೊಂಟದಲ್ಲಿ ಇರುವಾಗಲೇ, ಅವನು ಬಾಗಿಲಿನಿಂದ ಗೇಟಿಗೆ ಹೋಗುವುದನ್ನು ಕಿಟಕಿಯಿಂದ ಎಣಿಸಿದೆ. ಅದೂ ಸರಿ. ಅಂದರೆ ಎಣಿಕೆಯಲ್ಲಿ ತಪ್ಪಿಲ್ಲ. ಉಳಿದದ್ದು ಒಂದೇ. ನಾವು ಅದಕ್ಕೆ ಹೇಳಿಕೊಟ್ಟ ಹೆಜ್ಜೆಯ ಉದ್ದ.

ಅಪ್ಪ ಸ್ನಾನ ಮುಗಿಸಿ ಬಚ್ಚಲಿನಿಂದ ದೇವರ ಕೋಣೆಗೆ ಹೋಗುವಾಗ ಪಡಸಾಲೆಯ ಪರಸಿ ಕಲ್ಲಿನ ಮೇಲೆ ಹಸಿ ಹೆಜ್ಜೆ ಮೂಡುತ್ತವೆ. ಬುಧವಾರ ಅವನು ಒಳಗೆ ಮಂತ್ರ ಹೇಳುತ್ತಿದ್ದಾಗ ನಾನು ಹೊಲಿಗೆ ಟೇಪು ಹಿಡಿದು ನೆಲಕ್ಕೆ ಬಗ್ಗಿದೆ. ಹಿಮ್ಮಡಿಯಿಂದ ಹಿಮ್ಮಡಿಗೆ. ಇಪ್ಪತ್ತು ಇಂಚು. ಇನ್ನೊಂದು, ಹತ್ತೊಂಬತ್ತೂವರೆ. ಮತ್ತೊಂದು, ಇಪ್ಪತ್ತು. ಭಾನುವಾರದ ಕಲ್ಲಿನ ಲೆಕ್ಕ ಹಾಕಿ ನೋಡಿದೆ, ಅದಕ್ಕೂ ಸರಿಹೊಂದಿತು.

ಮೂವತ್ಮೂರು ಇಂಚಿನ ಮನುಷ್ಯ ಯಾವಾಗ ಇಪ್ಪತ್ತಕ್ಕೆ ಬಂದ? ಒಂದೇ ಮನೆಯಲ್ಲಿದ್ದೂ ನನಗೆ ಕಾಣಲಿಲ್ಲವಲ್ಲ. ಆ ಹಸಿ ಹೆಜ್ಜೆಗಳು ಒಂದೊಂದೇ ಆರುತ್ತಿದ್ದವು. ನನಗೆ ಅಳು ಬಂತು. ಸ್ವಲ್ಪ ಅತ್ತುಬಿಟ್ಟೆ ಕೂಡ.

ಅಂದರೆ ಅಪ್ಪ ಒಂದು ವರ್ಷದಿಂದ ದಿನಾ ನಡೆಯುತ್ತಿದ್ದುದು ಐದಲ್ಲ, ಮೂರು. ಐದೆಂದು ಸಹಿ ಮಾಡಿದ್ದ ಅಷ್ಟೂ ಪುಟ ಸುಳ್ಳು. ಇದನ್ನು ಅವನಿಗೆ ಹೇಳುವುದು ಹೇಗೆ? 'ಅಪ್ಪಾ, ನಿನ್ನ ಹೆಜ್ಜೆ ಕುಗ್ಗಿದೆ' ಎಂದು ನಾಲ್ಕು ತಾಲೂಕು ಅಳೆದವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ದಾರಿ ಹುಡುಕಿದೆ. ಪೆಡೋಮೀಟರ್ ಕೈಗೆತ್ತಿಕೊಂಡು, ಎಂಬತ್ನಾಲ್ಕನ್ನು ಐವತ್ತು ಮಾಡಿದೆ. ಎರಡು ನಿಮಿಷದ ಕೆಲಸ. ಇನ್ನು ಅದು ಐದು ತೋರಿಸಬೇಕಾದರೆ ಅಪ್ಪ ನಿಜವಾದ ಐದೇ ನಡೆಯಬೇಕು.

ಅವ್ವ ಅಡುಗೆಮನೆಯಿಂದ ನೋಡಿದಳು. "ಏನ್ ಮಾಡಾಕತ್ತೀ ಅದನ್ನ?"

"ಸೆಲ್ ನೋಡಾಕತ್ತೇನಿ."

ಅವ್ವನಿಗೂ ಸುಳ್ಳು. ಆದರೂ ಆ ದಿನ ನನ್ನ ಬಗ್ಗೆ ನನಗೇ ಎಷ್ಟು ಹೆಮ್ಮೆ ಗೊತ್ತೇ? ಅಪ್ಪನ ಮಾನವೂ ಉಳಿಯಿತು, ಆರೋಗ್ಯವೂ ಸರಿಯಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದನ್ನು ಸಾಧಿಸಿದ್ದೆ. (ಹಾವು ಸಾಯದೆ ಉಳಿದರೆ ಯಾರಿಗೆ ಕಚ್ಚುತ್ತದೆ ಎಂದು ಗಾದೆ ಹೇಳುವುದಿಲ್ಲ ನೋಡಿ.)

ಗುರುವಾರ ಅಪ್ಪ ಏಳೂವರೆಗೆ ಬರಲಿಲ್ಲ. ಬಂದದ್ದು ಎಂಟೂಕಾಲಿಗೆ. ಮುಖ ಬಾಡಿತ್ತು. "ಇವತ್ತ ಕಾಲ್ ಯಾಕೋ ಭಾರ ಆದುವು" ಎಂದ, ಅಷ್ಟೇ. ಬುಕ್ಕಿನಲ್ಲಿ ಐದು ಬರೆದು ಸಹಿ ಹಾಕಿದ.

ಶುಕ್ರವಾರ ಎಂಟೂವರೆ. ರೊಟ್ಟಿ ಮುರಿಯುವಾಗ ಕೈ ನಡುಗುತ್ತಿತ್ತು. ನಾನು ಎದುರಿಗೇ ಕೂತಿದ್ದೆ. ನೋಡಿದೆ. ಅಭ್ಯಾಸವಿಲ್ಲದ ದೂರ, ದಣಿದಿದ್ದಾನೆ, ಎಂಟು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಈಗಲಾದರೂ ನಿಜವಾದ ಐದು ನಡೆಯುತ್ತಿದ್ದಾನಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಅಪ್ಪ ಮಾತ್ರ ಅವ್ವನಿಗೆ ಮೆಲ್ಲಗೆ, "ಅದ ರಸ್ತಾ, ಅದ ಐದು. ಮುಗೀವಲ್ದು ನೋಡು. ಮೈಯಾಗಿನ ಕಸುವು ಹೋತೇನೋ" ಎನ್ನುತ್ತಿದ್ದ. ನಾನು ಬ್ಯಾಗು ಹಾಕಿಕೊಂಡು ಶಾಲೆಗೆ ಹೊರಟೆ. ಕೇಳಿಸಿಕೊಂಡೂ ಹೊರಟೆ.

ಮರುದಿನವೇ ಆ ಫೋನು.

ಆಟೋದಿಂದ ಇಳಿದಾಗ ಹತ್ತಿಪ್ಪತ್ತು ಜನ ಸುತ್ತ ನಿಂತಿದ್ದರು. ನಡುವೆ ಅಪ್ಪ, ರಸ್ತೆಯ ಅಂಚಿನ ಮಣ್ಣಿನಲ್ಲಿ ಕೂತಿದ್ದ. ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ಬೆವರಿಗೆ ಮೈಗಂಟಿತ್ತು. ಟೋಪಿ ಬಿದ್ದಿತ್ತು. ಎರಡೂ ಕೈಯಿಂದ ಮಣ್ಣನ್ನು ಕೆದರುತ್ತಿದ್ದ.

"ಬಾಂದಗಲ್ಲ ಎಲ್ಲಿ? ಇಲ್ಲೇ ಇರಬೇಕು. ಹನ್ನೆರಡು ಆತು. ಮತ್ತ ಹನ್ನೆರಡು ಆತು. ಇಲ್ಲೇ ಇರಬೇಕು ಅದು."

ನಾನು ಎದುರಿಗೆ ಮೊಣಕಾಲೂರಿ, "ಅಪ್ಪಾ" ಎಂದೆ. ತಲೆ ಎತ್ತಿ ನೋಡಿದ. ಕಣ್ಣು ನನ್ನ ಮೇಲಿದ್ದವು, ನೋಟ ಇರಲಿಲ್ಲ.

"ಅರ್ಜಿದಾರ್ರು ನೀವೇನ್ರಿ?" ಎಂದು ಕೇಳಿದ.

ಹೆತ್ತ ಮಗಳನ್ನು, ಹೊಲ ಅಳೆಸಲು ಅರ್ಜಿ ಕೊಟ್ಟವಳು ಎಂದುಕೊಂಡಿದ್ದ.

ಹಿಂದಿನಿಂದ ಯಾರೋ, "ಮುಂಜಮುಂಜಾನೆ ಹಾಕ್ಯಾರ ನೋಡ್ರಿ" ಎಂದರು. ಪಕ್ಕದ ಲಿಂಬೆ ತೋಟದ ಮೈಬೂಬಸಾಬರು ತಿರುಗಿ, "ಬಾಯಿ ಮುಚಗೋ. ಆ ಮನಷ್ಯಾ ಹೊಲ ಅಳ್ಯಾಕ ಬಂದಾಗ ನಮ್ಮ ಮನಿ ಚಾ ಸುದ್ದಾ ಕುಡದಾಂವಲ್ಲ" ಎಂದರು. ಅವರ ಕೈಯಲ್ಲಿ ದೊಡ್ಡ ಲೋಟ. ತೋಟದಲ್ಲಿ ಮಾಡಿ ತಂದ ಲಿಂಬು ಶರಬತ್ತು.

"ಬಿಸಲಿಗೆ ಹಿಂಗಾಗೈತಿ ಅಂತ ತಂದೇನ್ರಿ ಅಕ್ಕೋರ. ಕುಡಸಾಕ ಬಿಡವಲ್ಲರು ಇವರು."

"ಅವರಿಗೆ ಸಕ್ರಿ ಬ್ಯಾನಿ ಐತ್ರೀ" ಎಂದರು ಚಹಾದಂಗಡಿಯವರು. ಫೋನ್ ಮಾಡಿದ ದನಿ ಅದೇ. "ದಿನಾ ನೋಡ್ತೇವಿ, ನಮ್ಮ ಅಂಗಡ್ಯಾಗ ಸಪ್ಪನ ಚಾ ಕುಡೀತಾರ. ಅದರಾಗ ಸಕ್ರಿ ಬಾಳ ಐತಿ. ಕುಡಿಸಿ ಹೆಚ್ಚುಕಮ್ಮಿ ಆದ್ರ?"

ಎಲ್ಲರೂ ನನ್ನ ಕಡೆ ನೋಡಿದರು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಯನ್ನು ಅಪ್ಪನ ಕಣ್ಣಿಗೆ ಬೀಳದಂತೆ ಇಟ್ಟವಳು ನಾನು. ಹಬ್ಬದ ದಿನ ಅರ್ಧ ಹೋಳಿಗೆಗೆ ಜಗಳ ತೆಗೆದವಳು ನಾನು. ಈಗ ಒಂದು ಲೋಟ ಸಕ್ಕರೆ ನೀರು ಅವನ ಬಾಯಿಗೆ ಹೊಯ್ಯಲು ನಾನೇ ಹೇಳಬೇಕು. ತಪ್ಪಿದರೆ? ಅಪ್ಪನ ಕೈ ಹಿಡಿದೆ. ಆ ಬಿಸಿಲಿನಲ್ಲಿ ಅದು ತಣ್ಣಗಿತ್ತು. ತಣ್ಣಗಿತ್ತು ಮತ್ತು ನಡುಗುತ್ತಿತ್ತು.

ಆಗ ಡಾಕ್ಟರ ಮಾತು ನೆನಪಾಯಿತು.

"ಕುಡಸ್ರಿ" ಎಂದೆ.

ಮೈಬೂಬಸಾಬರು ಅಪ್ಪನ ತಲೆಯನ್ನು ತಮ್ಮ ತೋಳಿಗೆ ಆನಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅರ್ಧ ಒಳಗೆ ಹೋಯಿತು. ಒಂದು ಟ್ರ್ಯಾಕ್ಟರ್ ನಿಧಾನ ಮಾಡಿ, ನೋಡಿ, ಮುಂದೆ ಹೋಯಿತು. ನಾನು ಅಪ್ಪನ ಮಣ್ಣಾದ ಬೆರಳುಗಳನ್ನು ಹಿಡಿದು ಕೂತಿದ್ದೆ. ಹತ್ತು ನಿಮಿಷವೋ ಹದಿನೈದೋ. ಗಡಿಯಾರ ನೋಡುವ ಧೈರ್ಯವಾಗಲಿಲ್ಲ. ನಾನೇ ಕೊಂದೆನೇನೋ ಎಂಬ ಒಂದೇ ಯೋಚನೆ.

ನಡುಕ ಕಡಿಮೆಯಾಯಿತು. ಅಪ್ಪ ಸುತ್ತಲಿನ ಜನರನ್ನು ನೋಡಿದ, ತನ್ನ ಕೈ ನೋಡಿಕೊಂಡ, ಆಮೇಲೆ ನನ್ನನ್ನು ನೋಡಿದ.

"ನೀ ಯಾಕ ಬಂದಿ? ಇವತ್ತ ಮುಂಜಾನಿ ಸಾಲಿ ಅಲ್ಲ?"

ಇಷ್ಟು ವರ್ಷದಲ್ಲಿ ಅಪ್ಪ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಊರಿನ ದವಾಖಾನೆಯಲ್ಲಿ ರಕ್ತ ನೋಡಿದರು, ಗ್ಲೂಕೋಸ್ ಹಚ್ಚಿದರು. ಅಷ್ಟು ಕುಡಿಸಿದ ಮೇಲೂ ಸಕ್ಕರೆ ಕಡಿಮೆಯೇ ಇತ್ತು. ಸರಿಯಾದ ಹೊತ್ತಿಗೆ ಕುಡಿಸಿದಿರಿ, ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು. ಮಧ್ಯಾಹ್ನ ಬಿಜಾಪುರದ ಡಾಕ್ಟರಿಗೆ ಫೋನ್ ಹಚ್ಚಿದೆ.

"ಊಟ ಬಿಟ್ಟಿದ್ರೇನ್ರಿ?"

"ಇಲ್ರಿ."

"ಗುಳಿಗಿ ಎರಡೆರಡು ಸಲ ತಗೊಂಡ್ರೇನು?"

"ಇಲ್ರಿ."

"ನಡಿಗಿ ಹೆಚ್ಚು ಮಾಡಿದ್ರೇನು?"

"ಇಲ್ರೀ. ಅಷ್ಟ, ಐದ" ಎಂದೆ. ಎಂದವಳು ಅಲ್ಲಿಗೇ ನಿಂತೆ. ಹೇಳಲೇಬೇಕಿತ್ತು. ಹೇಳಿದೆ. ಮೊದಲಿನ ಐದು ಐದಲ್ಲ, ಮೂರು. ಬುಧವಾರ ನಾನು ಯಂತ್ರ ಸರಿಮಾಡಿದೆ. ಗುರುವಾರದಿಂದ ನಿಜವಾದ ಐದು.



"ನಾ ಗುಳಿಗಿ ಏರಿಸಿದ್ದು ಐದು ನಡದೂ ಇಳೀವಲ್ದು ಅಂತ್ರೀ. ಮೂರು ಅಂತ ಗೊತ್ತಿದ್ರ ಏರಸ್ತಿರಲಿಲ್ಲ. ಈಗ ಗುಳಿಗಿನೂ ನಾಕ್ ಪಟ್ಟು, ನಡಿಗಿನೂ ಹೆಚ್ಚಿಗಿ, ಮ್ಯಾಲ ನಾಷ್ಟಾ ಒಂದು ತಾಸು ತಡಾ. ಮಷಿನ್ ಸುಧಾರಿಸಿದ್ದು ನನಗೊಂದು ಮಾತು ಹೇಳಬೇಕಿಲ್ಲೇನ್ರಿ?"

ಹೇಳಬೇಕಿತ್ತು. ಹೊಳೆಯಲೇ ಇಲ್ಲ. ಯಂತ್ರದ ತಪ್ಪು ಯಂತ್ರದಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಅದು ಫೀಲ್ಡ್ ಬುಕ್ಕಿಗೆ ಹೋಗಿ, ಅಲ್ಲಿಂದ ಬಿಜಾಪುರಕ್ಕೆ ಹೋಗಿ, ಡಾಕ್ಟರ ಚೀಟಿಗೆ ಇಳಿದು, ಗುಳಿಗೆಯಾಗಿ ಅಪ್ಪನ ರಕ್ತದಲ್ಲಿ ಕೂತಿತ್ತು. ನಾನು ತಿದ್ದಿದ್ದು ಒಂದು ಕಡೆ ಮಾತ್ರ.

ನಿಮ್ಮ ಮನೆಯಲ್ಲೂ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆಯೇ? ನಮ್ಮ ಮನೆಯಲ್ಲಿದೆ. ಎಲ್ಲರೂ ಹತ್ತು ಕಳೆದುಕೊಂಡೇ ನೋಡುತ್ತೇವೆ, ಬಸ್ಸು ತಪ್ಪುವುದಿಲ್ಲ. ಯಾರಾದರೂ ಪುಣ್ಯಾತ್ಮರು ಹೇಳದೆ ಕೇಳದೆ ಅದನ್ನು ಸರಿಮಾಡಿಟ್ಟರೆ ಆ ದಿನ ಮನೆಮಂದಿಯೆಲ್ಲ ಬಸ್ಸು ತಪ್ಪಿಸಿಕೊಳ್ಳುತ್ತೇವೆ. ಗಡಿಯಾರ ಮಾತ್ರ ಅಪ್ಪಟ ಸರಿ ಇರುತ್ತದೆ.

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಅವರ ಹೆಜ್ಜಿ ಸಣ್ಣ ಆಗೇತಿ ಅನ್ನೂದು ನನಗ ಗೊತ್ತಿಲ್ಲೇನು? ನಲವತ್ತು ವರ್ಷ ಅವರ ಹಿಂದ ಓಡಿದಾಕಿ ನಾ. ಈಗ ಗುಡಿಗೆ ಹೋಗುವಾಗ ನಾನ ಮುಂದ ಆಗತೇನಿ. ಚಪ್ಪಲ್ ಸರಿಮಾಡಿಕೊಳ್ಳೂ ನೆವ ಮಾಡಿ ನಿಂದರತೇನಿ, ಅವರು ಬರೂಮಟ. ನನ್ನ ಒಂದು ಮಾತ ಕೇಳಬೇಕಿತ್ತಿಲ್ಲೋ?"

ನಾನು ಟೇಪು ಹಿಡಿದು ಕಂಡುಹಿಡಿದದ್ದು ಅವಳಿಗೆ ಮೊದಲೇ ಗೊತ್ತಿತ್ತು. ನಾನು ಮಾಡಿದ ಮೋಸವನ್ನೇ ಅವಳೂ ಮಾಡುತ್ತಿದ್ದಳು, ಆದರೆ ಅವಳು ಅಪ್ಪನ ಜೊತೆಗೇ ಇದ್ದು ಮಾಡುತ್ತಿದ್ದಳು. ಅವನು ನಿಂತರೆ ಅವಳೂ ನಿಲ್ಲುತ್ತಿದ್ದಳು. ನಾನು ಗುಂಡಿ ಒತ್ತಿ ಅವನನ್ನು ಒಬ್ಬನೇ ರಸ್ತೆಗೆ ಬಿಟ್ಟಿದ್ದೆ.

ಭಾನುವಾರ ಬೆಳಗ್ಗೆ ಅಪ್ಪನ ಹಾಸಿಗೆಯ ಪಕ್ಕದಲ್ಲಿ ಕೂತು ಒಪ್ಪಿಕೊಂಡೆ. ಹಸಿ ಹೆಜ್ಜೆ ಅಳೆದದ್ದು, ಇಪ್ಪತ್ತು ಇಂಚು, ಎಂಬತ್ನಾಲ್ಕನ್ನು ಐವತ್ತು ಮಾಡಿದ್ದು, ಅವನಿಗೆ ಬೇಜಾರಾಗಬಾರದೆಂದು ಮುಚ್ಚಿಟ್ಟದ್ದು. ಅಪ್ಪ ಪೂರ್ತಿ ಕೇಳಿದ. ಇಪ್ಪತ್ತು ಎಂದಾಗ ಒಮ್ಮೆ ತನ್ನ ಪಾದ ನೋಡಿಕೊಂಡ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಮೂರು ದಿನ ನಾ ಏನ್ ತಿಳಕೊಂಡಿದ್ದೆ ಗೊತ್ತೈತೇನು?" ಎಂದ. "ನನ್ನ ಕಾಲ ಮುಗದುವು, ಇನ್ನ ಹಾಸಿಗಿ ಹಿಡಿಯೂ ದಿನಾ ಬಂತು ಅಂತ ತಿಳಕೊಂಡಿದ್ದೆ. ನಿಮಗ ಗೊತ್ತಾಗಬಾರದಂತ ಹಲ್ಲು ಕಚ್ಚಿ ಐದ ಮುಗಸ್ತಿದ್ದೆ."

ಅವನು ನನ್ನಿಂದ ಮುಚ್ಚಿಡುತ್ತಿದ್ದ, ನಾನು ಅವನಿಂದ ಮುಚ್ಚಿಡುತ್ತಿದ್ದೆ. ಇಬ್ಬರದೂ ಪ್ರೀತಿಯೇ. ನಡುವೆ ಒಂದು ಜೀವ ಹೋಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು ಕೂತ. ದನಿ ಹಳೆಯ ಆಫೀಸಿನ ದನಿಯಾಯಿತು.

"ಬಾಂದಗಲ್ಲ ತಪ್ಪ ಜಾಗಾದಾಗ ಐತಿ ಅಂತ ನಮಗ ಪಕ್ಕಾ ಗೊತ್ತಿದ್ರೂ, ನಾವು ಹೋದಕೂಡ್ಲೆ ಕೀಳತಿರಲಿಲ್ಲ. ಆಜೂಬಾಜೂ ಹೊಲದವರಿಗೆಲ್ಲ ಮೊದಲ ನೋಟಿಸ್ ಕೊಡತಿದ್ದೆವು. ಯಾಕಂದ್ರ ಆ ತಪ್ಪ ಕಲ್ಲ ನಂಬಿ ಒಬ್ಬಾಂವ ಬಾವಿ ತೋಡಿರತಾನ, ಒಬ್ಬಾಂವ ಮನಿ ಕಟ್ಟಿರತಾನ. ನಿನ್ನ ಅಳತಿ ಬರೋಬ್ಬರಿ ಐತಿ ಯವ್ವಾ. ನೋಟಿಸ್ ಕೊಡಲಿಲ್ಲ ನೀ."

ಓದುಗರೇ, ನಿಮ್ಮ ಮನೆಯವರ ಒಳ್ಳೆಯದಕ್ಕೆಂದೇ, ಅವರಿಗೆ ಗೊತ್ತಾಗದಂತೆ, ನೀವು ಏನೇನು ತಿದ್ದಿಟ್ಟಿದ್ದೀರಿ?